ನೋಟ್‌ಬುಕ್‌ನಲ್ಲಿ ಕೊನೆಗೆ ಉಳಿದ ಆರು ಆಲ್ಬಮ್‌ಗಳು

ನನ್ನ ಮನೆ ದಾವಣಗೆರೆಯಲ್ಲಿ, ಕೆಲಸ ದುರ್ಗದಲ್ಲಿ. ದಿನಾ 60 ಕಿಲೋಮೀಟರ್ ಹೋಗಿ, ಸಂಜೆ ಅಷ್ಟೇ ದೂರ ವಾಪಸ್ ಬರಬೇಕು. ನಾನು ಹಾಡು ಕೇಳುವುದು ಹೆಚ್ಚಾಗಿ ಈ ಬಸ್ಸಿನಲ್ಲೇ. ಇಂಡಿ, ಅಕೌಸ್ಟಿಕ್ ಅಂತ ಕರೆಯುತ್ತಾರಲ್ಲ, ಒಂದು ಗಿಟಾರು, ಒಂದು ದನಿ, ಜಾಸ್ತಿ ಗದ್ದಲ ಇಲ್ಲದ ಹಾಡು, ಅದರ ಹುಚ್ಚು ನನಗೆ ಕಾಲೇಜು ದಿನಗಳಿಂದಲೂ ಇದೆ.

ಪ್ರತಿ ವರ್ಷ ಡಿಸೆಂಬರಿನಲ್ಲಿ ಇಷ್ಟದ ಆಲ್ಬಮ್‌ಗಳ ಪಟ್ಟಿ ಬರೆಯುವುದು ನನ್ನ ರೂಢಿ. ಆದರೆ ಬರೆಯುತ್ತಿದ್ದ ರೀತಿ ಸರಿ ಇರಲಿಲ್ಲ. ಕೊನೇ ವಾರ ಕೂತು ನೆನಪಿಗೆ ಬಂದ ಹೆಸರು ಬರೆಯುತ್ತಿದ್ದೆ. ನೆನಪಿಗೆ ಬರುವುದು ಅಕ್ಟೋಬರ್, ನವೆಂಬರಿನವೇ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕೇಳಿ ಕಣ್ಣು ಒದ್ದೆ ಮಾಡಿಕೊಂಡ ಆಲ್ಬಮ್ ಮರೆತೇ ಹೋಗಿರುತ್ತಿತ್ತು. ಇದು ತಪ್ಪು ಅನಿಸಿ, 2024ರ ಜನವರಿಯಲ್ಲಿ 200 ಪುಟದ ಲಾಂಗ್ ನೋಟ್‌ಬುಕ್ ತಂದೆ.

ಹೊಸ ಆಲ್ಬಮ್‌ಗಳು ಬರುವುದು ಶುಕ್ರವಾರ. 2015ರಿಂದ ಜಗತ್ತಿನ ತುಂಬಾ ಹಾಗೇ ನಡೆದುಕೊಂಡು ಬಂದಿದೆ. ಹಾಗಾಗಿ ಶುಕ್ರವಾರ ರಾತ್ರಿ ಹೆಸರು ಬರೆದುಕೊಳ್ಳುವುದು, ಡೌನ್‌ಲೋಡ್ ಮಾಡುವುದು. ಆಮೇಲೆ ಒಂದೊಂದನ್ನೂ ಮೂರು ಸಲ ಕೇಳುವುದು. ಮೊದಲ ಸಲ ಬಸ್ಸಿನಲ್ಲಿ, ಎರಡನೇ ಸಲ ರಾತ್ರಿ ಹನ್ನೊಂದರ ಮೇಲೆ ಮಾಳಿಗೆ ಮೇಲಿನ ರೂಮಿನಲ್ಲಿ ದೀಪ ಆರಿಸಿ, ಮೂರನೇ ಸಲ ಅಡುಗೆಮನೆಯ ಪುಟ್ಟ ಸ್ಪೀಕರಿನಲ್ಲಿ, ಮನೆಯವರ ಮಾತಿನ ಮಧ್ಯೆ. ಮೂರೂ ಆದ ಮೇಲೆ ಒಂದು ತಿಂಗಳು ಅದನ್ನು ಮುಟ್ಟುವುದಿಲ್ಲ. ಆ ತಿಂಗಳಲ್ಲಿ ಸ್ನಾನ ಮಾಡುವಾಗಲೋ ಗಾಡಿ ಓಡಿಸುವಾಗಲೋ ಅದರ ಒಂದು ಸಾಲಾದರೂ ತಾನಾಗೇ ಬಾಯಿಗೆ ಬಂದರೆ ಹೆಸರಿನ ಪಕ್ಕ ಚುಕ್ಕಿ. ಬರದಿದ್ದರೆ ಗೆರೆ.

ಮಾರ್ಚ್ 22ರ ಶುಕ್ರವಾರ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ಒಂದೇ ದಿನ ಎರಡು ಬಂದವು: ಏಡ್ರಿಯನ್ ಲೆಂಕರ್ ಅವರ ‘ಬ್ರೈಟ್ ಫ್ಯೂಚರ್’, ಕೇಟಿ ಕ್ರಚ್‌ಫೀಲ್ಡ್ ಅವರು ವಾಕ್ಸಹ್ಯಾಚಿ ಅನ್ನುವ ಹೆಸರಿನಲ್ಲಿ ಮಾಡಿದ ‘ಟೈಗರ್ಸ್ ಬ್ಲಡ್’. ವಾಕ್ಸಹ್ಯಾಚಿ ಅಂದರೆ ಅವರ ಊರಿನ ಕಡೆ, ಅಲಬಾಮಾದಲ್ಲಿ ಹರಿಯುವ ಒಂದು ಹಳ್ಳ. ಹಳ್ಳದ ಹೆಸರು ಇಟ್ಟುಕೊಂಡು ಹಾಡುತ್ತಾರೆ ಅನ್ನೋದೇ ನನಗೆ ಎಷ್ಟು ಹಿಡಿಸಿತು ಅಂದರೆ, ಮೊದಲು ಅದನ್ನೇ ಹಾಕಿಕೊಂಡೆ.

ಅದು ಬಸ್ಸಿಗೆ ಹೇಳಿ ಮಾಡಿಸಿದ ಆಲ್ಬಮ್. ‘ರೈಟ್ ಬ್ಯಾಕ್ ಟು ಇಟ್’ ಅಂತ ಒಂದು ಹಾಡಿದೆ. ಬ್ಯಾಂಜೋ ಶುರುವಾಗುತ್ತೆ, ಕೇಟಿ ಹಾಡುತ್ತಾರೆ, ಎಂ. ಜೆ. ಲೆಂಡರ್‌ಮನ್ ಅವರ ದನಿ ಪಕ್ಕದಲ್ಲಿ ಬಂದು ಕೂರುತ್ತೆ. ಎತ್ತರಿಸಿ ಹಾಡುವುದಿಲ್ಲ, ಹಿಂದೆ ಸರಿಯುವುದೂ ಇಲ್ಲ. ಆನಗೋಡು ದಾಟಿದ ಮೇಲೆ ಹೈವೇ ಎರಡೂ ಕಡೆ ಬಯಲು, ಆ ವರ್ಷ ಬರಗಾಲ ಬೇರೆ, ಹೊಲಗಳೆಲ್ಲ ಬೋಳು. ಆ ಬಿಸಿಲಿನಲ್ಲಿ ಈ ಹಾಡು ಕಿಟಕಿಯಿಂದ ಬರುವ ಗಾಳಿಯ ಹಾಗೆ ಇತ್ತು. ಅದೇ ವಾರ ಚುಕ್ಕಿ ಹಾಕಿದೆ, ತಿಂಗಳು ಕಾಯಲಿಲ್ಲ.

‘ಬ್ರೈಟ್ ಫ್ಯೂಚರ್’ ಮಾತ್ರ ಬಸ್ಸಿನಲ್ಲಿ ದಕ್ಕಲಿಲ್ಲ. ಎಂಜಿನ್ ಸದ್ದಿನಲ್ಲಿ ಅರ್ಧ ಹಾಡು ಕಳೆದುಹೋಯಿತು. ಗೆರೆ ಎಳೆಯೋಣ ಅಂತಲೇ ಇದ್ದೆ. ನಿಯಮ ಮಾಡಿಕೊಂಡಿದ್ದೀನಲ್ಲ ಅಂತ ಮಾಳಿಗೆ ಮೇಲೆ ಹೋಗಿ, ತಂತಿ ಇರುವ ಹಳೇ ಹೆಡ್‌ಫೋನ್ ಹಾಕಿಕೊಂಡು, ಚಾಪೆ ಮೇಲೆ ಮಲಗಿ ಕೇಳಿದೆ. ಮೊದಲ ಹಾಡು ‘ರಿಯಲ್ ಹೌಸ್’. ಪಿಯಾನೋ ಒಂದೊಂದೇ ಸ್ವರ, ನಡುವೆ ತುಂಬಾ ಜಾಗ. ಏಡ್ರಿಯನ್ ಚಿಕ್ಕವರಿದ್ದಾಗಿನದನ್ನು ಹೇಳುತ್ತಾ ಹೋಗುತ್ತಾರೆ, ಕೊನೆಗೆ ನಾಯಿ ಸತ್ತಾಗ ಅಮ್ಮ ಅತ್ತದ್ದಕ್ಕೆ ಬಂದು ನಿಲ್ಲುತ್ತಾರೆ. ಹಾಡು ಮುಗಿದ ಮೇಲೆ ಮುಂದಿನದಕ್ಕೆ ಹೋಗಲು ನನ್ನಿಂದ ಆಗಲಿಲ್ಲ. ಎದ್ದು ನೀರು ಕುಡಿದು ಬಂದೆ.

ಈ ಆಲ್ಬಮ್ಮನ್ನು ಕಾಡಿನೊಳಗಿನ ಒಂದು ಸ್ಟುಡಿಯೊದಲ್ಲಿ, ಕಂಪ್ಯೂಟರ್ ಇಲ್ಲದೆ, ನೇರವಾಗಿ ಟೇಪಿಗೆ ರೆಕಾರ್ಡ್ ಮಾಡಿದ್ದಾರೆ. ಕಿವಿಗೊಟ್ಟು ಕೇಳಿದರೆ ಟೇಪಿನ ಆ ಸಣ್ಣ ಸುಯ್ ಸದ್ದು ಸಿಗುತ್ತೆ. ತಂತಿ ಮೇಲೆ ಬೆರಳು ಜಾರುವುದು, ಸಾಲಿಗೆ ಮುಂಚೆ ಉಸಿರು ಎಳೆದುಕೊಳ್ಳುವುದು, ಎಲ್ಲ ಸಿಗುತ್ತೆ. ಹಿಂದೆ ಒಮ್ಮೆ ಚಳ್ಳಕೆರೆ ಕಡೆ ಒಂದು ಗೊಲ್ಲರಹಟ್ಟಿಯಲ್ಲಿ ಗಣೆ ನುಡಿಸುವುದನ್ನು ಹತ್ತಿರದಿಂದ ಕೇಳಿದ್ದೆ. ಗೊಲ್ಲರ ದೈವ ಜುಂಜಪ್ಪನ ಪದಕ್ಕೆ ನುಡಿಸುವ ಉದ್ದನೆಯ ಬಿದಿರಿನ ಕೊಳಲು ಅದು. ಅದರಲ್ಲಿ ಸ್ವರ ಎಷ್ಟು ಕೇಳುತ್ತೋ ಊದುವವರ ಉಸಿರೂ ಅಷ್ಟೇ ಕೇಳುತ್ತೆ. ಉಸಿರನ್ನು ತೆಗೆದುಬಿಟ್ಟರೆ ಅದು ಗಣೆಯೇ ಅಲ್ಲ. ನನಗೆ ಬೇಕಾಗಿದ್ದ ಸಂಗೀತ ಯಾವುದು ಅಂತ ಆವತ್ತು ಗೊತ್ತಾಗಿತ್ತು, ಆದರೆ ಹೇಳಲು ಬರುತ್ತಿರಲಿಲ್ಲ. ಮಾಳಿಗೆ ಮೇಲೆ ಆ ರಾತ್ರಿ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದೆ: ಹಾಡಿನ ಜೊತೆ ಹಾಡುವವರ ಮೈಯೂ ಕೇಳಬೇಕು.

ಆಮೇಲೆ ಉಳಿದ ಎಲ್ಲವನ್ನೂ ಅಳೆದದ್ದು ಈ ಸಾಲಿನಿಂದಲೇ. ಏಪ್ರಿಲಿನಲ್ಲಿ ಹೆಸರು ಮಾಡಿದ ಎರಡು ಮೂರು ಆಲ್ಬಮ್‌ಗಳಿಗೆ ಗೆರೆ ಎಳೆದೆ. ಚೆನ್ನಾಗಿದ್ದವು, ಆದರೆ ಒಳಗೆ ಯಾರೂ ಇರಲಿಲ್ಲ.

ಮೇ ತಿಂಗಳಲ್ಲಿ ಜೆಸಿಕಾ ಪ್ರ್ಯಾಟ್ ಅವರ ‘ಹಿಯರ್ ಇನ್ ದ ಪಿಚ್’. ಒಂಬತ್ತೇ ಹಾಡು, 27 ನಿಮಿಷ. ಭರಮಸಾಗರದಲ್ಲಿ ಹಾಕಿದರೆ ದುರ್ಗದ ಬಸ್ ಸ್ಟ್ಯಾಂಡ್ ಬರುವಷ್ಟರಲ್ಲಿ ಮುಗಿಯುತ್ತೆ. ಇದನ್ನು ನಾನು ಮೊದಲು ಫೋನಿನ ಸ್ಪೀಕರಿನಲ್ಲೇ ಸುಮ್ನೆ ಹಾಕಿ, ಏನೋ ಹಳೇ ರೇಡಿಯೋ ಥರ ಇದೆ ಅಂತ ಬಿಟ್ಟಿದ್ದೆ. ಹೆಡ್‌ಫೋನಿನಲ್ಲಿ ಕೇಳಿದಾಗ ಬೇರೆಯೇ ಲೋಕ. ಕೆಳಗಿನ ಬೇಸ್, ಡ್ರಮ್ಮಿನ ಹಿಂದಿನ ದೊಡ್ಡ ಖಾಲಿ ಕೋಣೆ, ಅದ್ಯಾವುದೂ ಫೋನಿನಲ್ಲಿ ಬಂದೇ ಇರಲಿಲ್ಲ. ಫೋನಿನ ಸ್ಪೀಕರಿನಲ್ಲಿ ಕೇಳಿ ಯಾವ ಆಲ್ಬಮ್ಮನ್ನೂ ಬೇಡ ಅನ್ನಬೇಡಿ, ದಯವಿಟ್ಟು.

ಆಗಸ್ಟಿನಲ್ಲಿ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಬ್ಯಾಂಡಿನ ‘ಬೀಟಾ’ ಬಂತು. 2019ರ ‘ಬಿಸ್ಮಿಲ್ಲಾ’ ಆದ ಮೇಲೆ ಐದು ವರ್ಷ ಕಾದಿದ್ದೆ. ಇದು ಅಕೌಸ್ಟಿಕ್ ಅಲ್ಲ, ತುತ್ತೂರಿ, ಕೀಬೋರ್ಡು ಎಲ್ಲ ಇದೆ. ಆದರೂ ಪಟ್ಟಿಯಲ್ಲಿ ಇರಲೇಬೇಕು ಅನಿಸಿತು, ಇಟ್ಟೆ.

ಅದೇ ತಿಂಗಳ 23ಕ್ಕೆ ಗಿಲಿಯನ್ ವೆಲ್ಚ್ ಮತ್ತು ಡೇವಿಡ್ ರಾಲಿಂಗ್ಸ್ ಅವರ ‘ವುಡ್‌ಲ್ಯಾಂಡ್’. ಆ ವಾರ ಮಳೆ. ನನ್ನ ರೂಮಿಗೆ ಇರುವುದು ತಗಡಿನ ಶೀಟು, ಮೇಲೆ ಕೂತು ಏನೂ ಕೇಳುವ ಹಾಗಿರಲಿಲ್ಲ. ನಿಯಮ ಮುರಿದು ನೇರ ಅಡುಗೆಮನೆಗೆ ಹೋದೆ. ಅಮ್ಮ ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದರು. ಸ್ಪೀಕರ್ ಕಿಟಕಿ ಕಟ್ಟೆ ಮೇಲೆ ಇಟ್ಟು ಹಾಡು ಹಾಕಿದೆ. ಎರಡನೇ ಹಾಡಿಗೆ ಅಮ್ಮನ ಈಳಿಗೆ ನಿಂತಿತು.

“ಏನೋ, ಇವ್ರಿಬ್ರೂ ಗಂಡ ಹೆಂಡ್ತಿ ಏನು?”

“ಯಾಕಮ್ಮ?”

“ಒಬ್ರು ಉಸ್ರು ಬಿಟ್ಟಲ್ಲಿ ಇನ್ನೊಬ್ರು ಹಿಡ್ಕತಾರೆ ನೋಡು.”

ಇಂಗ್ಲಿಷ್ ಬಾರದ ಅಮ್ಮ ಅದನ್ನು ಹಿಡಿದುಬಿಟ್ಟರು. ಇಬ್ಬರೂ 1996ರ ಮೊದಲ ಆಲ್ಬಮ್ಮಿನಿಂದ ಜೊತೆಯಲ್ಲೇ ಹಾಡುತ್ತಿದ್ದಾರೆ ಅಂತ ಹೇಳಿದೆ. ವುಡ್‌ಲ್ಯಾಂಡ್ ಅನ್ನುವುದು ನ್ಯಾಶ್‌ವಿಲ್‌ನಲ್ಲಿ ಅವರದೇ ಸ್ಟುಡಿಯೊದ ಹೆಸರು. 2020ರ ಮಾರ್ಚಿನಲ್ಲಿ ಸುಂಟರಗಾಳಿಗೆ ಅದರ ಚಾವಣಿ ಕಿತ್ತುಹೋಯಿತು, ಒಳಗೆ ಮಳೆ ಸುರಿಯಿತು, ಇವರು ರಾತ್ರಿಯೆಲ್ಲ ಕತ್ತಲಲ್ಲಿ ಗಿಟಾರು, ಹಳೇ ಟೇಪುಗಳನ್ನು ಹೊತ್ತು ಉಳಿಸಿಕೊಂಡರು. ಅದನ್ನೂ ಹೇಳಿದೆ. ಅಮ್ಮ ಮೇಲೆ ನಮ್ಮ ತಗಡಿನ ಕಡೆ ನೋಡಿ, ಮತ್ತೆ ಈರುಳ್ಳಿ ಹೆಚ್ಚತೊಡಗಿದರು. ಆ ಸಂಜೆ ಹತ್ತೂ ಹಾಡು ಕೇಳಿದೆವು.

ಆಲ್ಬಮ್ಮಿನ ಮೊದಲ ಹಾಡು ಖಾಲಿ ಗೂಡ್ಸ್ ರೈಲಿನದು, ಬೋಗಿಗಳಲ್ಲಿ ತುಂಬಿಕೊಂಡಿರುವುದು ಆಕಾಶ ಮಾತ್ರ. ಚಿಕ್ಕವನಿದ್ದಾಗ ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟ್ ಹಾಕಿದರೆ ಸೈಕಲ್ ಹಿಡಿದು ನಿಂತು ಎಷ್ಟು ಗೂಡ್ಸ್ ನೋಡಿದ್ದೀನೋ. ಬಾಗಿಲು ತೆರೆದಿದ್ದ ಖಾಲಿ ಬೋಗಿಯೊಳಗಿಂದ ಆಚೆ ಬದಿಯ ಬೆಳಕು ಮಿಂಚಿ ಮಿಂಚಿ ಹೋಗುತ್ತಿತ್ತು. ಹಾಡು ಕೇಳಿದ ಕ್ಷಣ ಅದೇ ಕಣ್ಣ ಮುಂದೆ ಬಂತು.

ಕೊನೆಯದು ಅಕ್ಟೋಬರ್ 25ಕ್ಕೆ ಬಂದ ಲಾರಾ ಮಾರ್ಲಿಂಗ್ ಅವರ ‘ಪ್ಯಾಟರ್ನ್ಸ್ ಇನ್ ರಿಪೀಟ್’. ಇದನ್ನು ನಾನು ಮೊದಲ ಸಲ ತಪ್ಪಾಗಿ ಕೇಳಿದೆ. ಆ್ಯಪಿನಲ್ಲಿ ಶಫಲ್, ಅಂದರೆ ಹಾಡುಗಳ ಕ್ರಮ ಕಲಸಿ ಹಾಕುವ ಗುಂಡಿ, ಆನ್ ಆಗಿತ್ತು, ನಾನು ನೋಡಿಕೊಂಡಿರಲಿಲ್ಲ. ನಡುವೆ ಬರಬೇಕಾದ ಪುಟ್ಟ ವಾದ್ಯದ ತುಣುಕು ಮೊದಲು ಬಂತು, ಜೋಗುಳ ಎಲ್ಲೋ ಮಧ್ಯೆ ಸಿಕ್ಕಿಕೊಂಡಿತು. ಯಾಕೋ ಹೊಂದುತ್ತಿಲ್ಲ ಅಂತ ಬರೆದು ಗೆರೆ ಎಳೆದೇಬಿಟ್ಟೆ. ನಾನು ಇಡೀ ವರ್ಷದಲ್ಲಿ ಎಳೆದು, ಆಮೇಲೆ ಅಳಿಸಿದ ಗೆರೆ ಅದೊಂದೇ.

ಆಗ ತಂಗಿ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸಿದ ಮೇಲೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿರಲಿಲ್ಲ. ಒಂದು ಭಾನುವಾರ ಮೆಲ್ಲಗೆ ಏನಾದ್ರೂ ಹಾಕು ಅಂದಳು. ಈ ಆಲ್ಬಮ್ಮಿನಲ್ಲಿ ಡ್ರಮ್ಸ್ ಇಲ್ಲವೇ ಇಲ್ಲ, ಅದಕ್ಕೇ ಇದನ್ನು ಹಾಕಿದೆ. ಈ ಸಲ ಸರಿಯಾಗಿ ಮೊದಲ ಹಾಡಿನಿಂದ. ಗಿಟಾರಿಗೆ ಮುಂಚೆ ಒಂದು ಮಗುವಿನ ದನಿ ಬಂತು. ತಂಗಿ ತಟ್ಟನೆ ತೊಟ್ಟಿಲ ಕಡೆ ತಿರುಗಿದಳು. ನಮ್ಮ ಕೂಸು ನಿದ್ದೆಯಲ್ಲಿತ್ತು.

“ಯಾರ ಕೂಸು ಅದು ಅಣ್ಣ?”

ಲಾರಾ ಅವರದೇ ಮಗಳು. ಲಂಡನ್ನಿನ ಮನೆಯಲ್ಲೇ, ಎಳೇ ಮಗುವನ್ನು ಹತ್ತಿರ ಇಟ್ಟುಕೊಂಡು ರೆಕಾರ್ಡ್ ಮಾಡಿದ ಹಾಡುಗಳು ಅವು. ಅದರಲ್ಲಿ ಒಂದು ಅವರ ಅಪ್ಪ ಪ್ರಾಯದಲ್ಲಿದ್ದಾಗ ಬರೆದದ್ದು. ಅಪ್ಪನ ಹಾಡು, ಮಗಳ ದನಿ, ಮೊಮ್ಮಗಳ ಸದ್ದು, ಮೂರು ತಲೆಮಾರು ಒಂದೇ ಕೋಣೆಯಲ್ಲಿ. ತಂಗಿ ತೊಟ್ಟಿಲ ಹಗ್ಗ ಹಿಡಿದುಕೊಂಡೇ ಪೂರ್ತಿ ಕೇಳಿದಳು. ಕೊನೆಯಲ್ಲಿ ಜೋಗುಳ ಮಾತಿಲ್ಲದೆ ಬರೀ ವಾದ್ಯದಲ್ಲಿ ಮತ್ತೊಮ್ಮೆ ಬರುತ್ತೆ. ಅದು ಕೊನೆಗೇ ಬರಬೇಕು. ಶಫಲ್‌ನಲ್ಲಿ ನಾನು ಕಳೆದುಕೊಂಡಿದ್ದು ಅದನ್ನೇ.

ಡಿಸೆಂಬರ್ 31ಕ್ಕೆ ನೋಟ್‌ಬುಕ್ಕಿನಲ್ಲಿ 43 ಹೆಸರು, ಚುಕ್ಕಿ ಉಳಿದದ್ದು ಆರಕ್ಕೆ. ‘ಬ್ರೈಟ್ ಫ್ಯೂಚರ್’ ಮೊದಲು, ಅದರಲ್ಲಿ ಅನುಮಾನವೇ ಇರಲಿಲ್ಲ. ‘ವುಡ್‌ಲ್ಯಾಂಡ್’ ಮತ್ತು ‘ಪ್ಯಾಟರ್ನ್ಸ್ ಇನ್ ರಿಪೀಟ್’ ಎರಡರಲ್ಲಿ ಯಾವುದು ಎರಡನೆಯದು ಅಂತ ತೀರ್ಮಾನ ಆಗದೆ ಒಂದೇ ಸಾಲಿನಲ್ಲಿ ಬರೆದೆ. ಸಂಕ್ರಾಂತಿ ಕಳೆದು ತಂಗಿ ಗಂಡನ ಮನೆಗೆ ಹೊರಟಾಗ, ಆ ಹಾಡು ನನ್ನ ಫೋನಿಗೂ ಹಾಕಿಕೊಡು ಅಣ್ಣ ಅಂದಳು. ಹನ್ನೊಂದೂ ಹಾಡು ಹಾಕಿದೆ. ಶಫಲ್ ಆಫ್ ಇದೆಯಾ ಅಂತ ಎರಡು ಸಲ ನೋಡಿ ಫೋನ್ ಕೊಟ್ಟೆ.