ಬೆದ್ದಲಿನಿಂದ ವರ್ಷಕ್ಕೆ ಎಷ್ಟು ಮಣ್ಣು ಹೋಗುತ್ತದೆ, ಎಷ್ಟು ಹೋದರೆ ಹೊಲ ತಾಳೀತು?

ನಾಗಮಂಗಲ, ಹುಣಸೂರು ಕಡೆಯ ಕೆಂಪು ಬೆದ್ದಲುಗಳಲ್ಲಿ ಮಣ್ಣು ಕೊಚ್ಚಣೆಯ ಲೆಕ್ಕ ಹಾಕುವವರು ಸೂತ್ರದಲ್ಲಿ ಅಷ್ಟಾಗಿ ತಪ್ಪುವುದಿಲ್ಲ, ಅಳತೆಯಲ್ಲಿ ಎಡವುತ್ತಾರೆ. ಹಾಗಾಗಿ ಮೊದಲು ಗುಂಡಿ ತೋಡಿ, ಕ್ಯಾಲ್ಕುಲೇಟರ್ ಆಮೇಲೆ. ಹಾರೆ, ಗುದ್ದಲಿ, ಟೇಪು, ಗೂಟ, ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಇದ್ದರೆ ಸಾಕು.

1. ಮಣ್ಣಿನ ಆಳ
ಅಗೆಯಲು ಸಲೀಸೆಂದು ಬದುವಿನ ಪಕ್ಕದಲ್ಲೇ ಗುಂಡಿ ತೋಡುವವರು ಹೆಚ್ಚು. ಅಲ್ಲಿರುವುದು ಮೇಲಿನಿಂದ ಕೊಚ್ಚಿ ಬಂದು ನಿಂತ ಮಣ್ಣು. ಅದರ ಆಳ ಇಡೀ ಹೊಲದ ಆಳವಲ್ಲ. ದಿಣ್ಣೆಯ ನೆತ್ತಿ, ನಡು, ತಗ್ಗು ಮೂರೂ ಕಡೆ ಅಗೆಯಿರಿ. ಗುಂಡಿಯ ಒಂದು ಗೋಡೆಯನ್ನು ಚಾಕುವಿನಿಂದ ಕೆರೆದು ನೇರ ಮಾಡಿ, ಬೇರುಗಳನ್ನು ನೋಡಿ. ಇಳಿಯುತ್ತಿದ್ದ ಬೇರು ಎಲ್ಲಿ ಅಡ್ಡ ತಿರುಗಿದೆಯೋ ಅಲ್ಲಿಗೆ ಬೆಳೆಯ ಮಟ್ಟಿಗೆ ಮಣ್ಣು ಮುಗಿಯಿತು. ಅದರ ಕೆಳಗಿನ ಗರಸು ಗುದ್ದಲಿಗೆ ಸಿಕ್ಕರೂ, ಕೈಯಲ್ಲಿ ಹಿಸುಕಿದರೆ ಪುಡಿಯಾದರೂ ಅದು ಕೊಳೆತ ಕಲ್ಲೇ. ಮೂಲ ಬಂಡೆಯ ಪಟ್ಟೆಗಳು, ಬಿಳಿ ಚುಕ್ಕೆಗಳು ಅದರಲ್ಲಿ ಹಾಗೇ ಉಳಿದಿರುತ್ತವೆ. ಅದನ್ನು ಆಳಕ್ಕೆ ಸೇರಿಸಬೇಡಿ. ಮೂರು ಗುಂಡಿಗಳ ಸರಾಸರಿಯನ್ನೂ ತೆಗೆಯಬೇಡಿ. ಕಡಿಮೆ ಆಳದ್ದನ್ನೇ ಹಿಡಿಯಿರಿ. ಮೊದಲು ಬರಡಾಗುವುದು ಆ ಜಾಗವೇ.

2. ತಾಳಿಕೆಯ ಮಿತಿ
ಹೆಕ್ಟೇರಿಗೆ ವರ್ಷಕ್ಕೆ 11.2 ಟನ್ ಎಂಬ ಹಳೆಯ ಅಮೆರಿಕದ ಅಂಕಿಯನ್ನು ಎಲ್ಲ ಹೊಲಕ್ಕೂ ಹಾಕುವುದನ್ನು ಬಿಡಿ. ನಮ್ಮ ದೇಶದ ಮಣ್ಣುಗಳಿಗೆ ಈ ಮಿತಿ 2.5ರಿಂದ 12.5 ಟನ್‌ವರೆಗೆ ಬದಲಾಗುತ್ತದೆ. ಆಳ 25 ಸೆಂ.ಮೀ.ಗಿಂತ ಕಡಿಮೆಯಿದ್ದರೆ 2.5, ಅರ್ಧ ಮೀಟರ್‌ವರೆಗೆ 5 ಎಂದು ಬಿಗಿಯಾಗಿಯೇ ಇಟ್ಟುಕೊಳ್ಳಿ. ಮೇಘಾಲಯದಂಥ ಸುಣ್ಣಕಲ್ಲಿನ ಕಾರ್ಸ್ಟ್ ನೆಲಕ್ಕೆ ಅದೂ ಹೆಚ್ಚಾದೀತು: ಅಲ್ಲಿ ಕಲ್ಲು ಬಹುಪಾಲು ನೀರಿನಲ್ಲಿ ಕರಗಿ ಹೋಗುವುದರಿಂದ ಹೊಸ ಮಣ್ಣು ಹುಟ್ಟುವುದೇ ಅಲ್ಪ, ಇದ್ದದ್ದೂ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಮುಂದೆ 4ರಲ್ಲಿ ಬರುವ ಸೂತ್ರ ಆ ನಷ್ಟವನ್ನು ಎಣಿಸುವುದೂ ಇಲ್ಲ.

3. ಇಳಿಜಾರು
20 ಮೀಟರ್ ಅಂತರದ ಎರಡು ಗೂಟಗಳ ನಡುವೆ ಪೈಪಿನ ಮಟ್ಟದಲ್ಲಿ 60 ಸೆಂ.ಮೀ. ವ್ಯತ್ಯಾಸ ಬಂದರೆ ಇಳಿಜಾರು ಶೇ 3. ಮೊಬೈಲ್ ಆ್ಯಪ್ ನಂಬಬೇಡಿ, ಇಷ್ಟು ಸಣ್ಣ ಇಳಿಜಾರಿನಲ್ಲಿ ಅದು ಸುಲಭವಾಗಿ ದಾರಿ ತಪ್ಪಿಸುತ್ತದೆ. ಉದ್ದ ಅಳೆಯುವಾಗ ಸರ್ವೆ ಗಡಿ ಲೆಕ್ಕಕ್ಕಿಲ್ಲ. ನೀರು ಹರಿಯಲು ಶುರುವಾದಲ್ಲಿಂದ ಬದು, ಕಾಲುವೆ ಅಥವಾ ಹೂಳು ನಿಲ್ಲುವ ಜಾಗದವರೆಗೆ ಅಳೆಯಿರಿ. ಪಕ್ಕದವರ ಹೊಲದ ನೀರು ನಿಮ್ಮಲ್ಲಿಗೆ ನುಗ್ಗುತ್ತಿದ್ದರೆ ಅಳತೆ ಅಲ್ಲಿಂದಲೇ ಶುರು.

4. ಲೆಕ್ಕ
ಹೆಕ್ಟೇರಿಗೆ ವರ್ಷಕ್ಕೆ ಹೋಗುವ ಮಣ್ಣು (ಟನ್) = ಮಳೆಯ ಹೊಡೆತ × ಮಣ್ಣಿನ ಸವೆತ ಗುಣ × ಇಳಿಜಾರಿನ ಅಂಶ × ಬೆಳೆ ಹೊದಿಕೆ × ತಡೆ ಕ್ರಮ. ಮಳೆಯ ಅಂಶಕ್ಕೆ 79 + (0.363 × ವಾರ್ಷಿಕ ಮಳೆ ಮಿ.ಮೀ.), 700 ಮಿ.ಮೀ. ಮಳೆಗೆ 333. ಸವೆತ ಗುಣ 0.2 ಎಂದಿಟ್ಟುಕೊಳ್ಳೋಣ. ಇದಕ್ಕೆ ಮಣ್ಣಿನಲ್ಲಿ ಮರಳು, ಗೋಡು, ಜೇಡಿ ಎಷ್ಟೆಷ್ಟಿದೆ ಎಂಬ ಪರೀಕ್ಷೆಯನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು, ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಅದು ಇರುವುದಿಲ್ಲ. ಇಂಟರ್‌ನೆಟ್ ಕೋಷ್ಟಕದಲ್ಲಿ ಇಂಥದೇ ಮಣ್ಣಿಗೆ 0.02 ಎಂದು ಕಂಡರೆ ಅದು ಬೇರೆ ಮಾನದ್ದು. ಅದನ್ನು ಈ 333ಕ್ಕೆ ಗುಣಿಸಿದರೆ ಉತ್ತರ ಹತ್ತು ಪಟ್ಟು ಕಡಿಮೆ ಬರುತ್ತದೆ.

ಶೇ 3 ಇಳಿಜಾರು, 60 ಮೀಟರ್ ಉದ್ದಕ್ಕೆ ಅಂಶ 0.35. ಹೊದಿಕೆ 0.4, ತಡೆ ಏನೂ ಇಲ್ಲದ್ದಕ್ಕೆ 1. ಗುಣಿಸಿದರೆ ಹೆಕ್ಟೇರಿಗೆ ಸುಮಾರು 9.3 ಟನ್, ಎಕರೆಗೆ 3.8 ಟನ್. ಹೊಲದ ಮೇಲೆ ಹರಡಿದರೆ ಮುಕ್ಕಾಲು ಮಿಲಿಮೀಟರೂ ಇಲ್ಲ. ಅದಕ್ಕೇ ಕಣ್ಣಿಗೆ ಕಾಣದೆ ಹೋಗುತ್ತದೆ.

5. ಮಿತಿಗೆ ಇಳಿಸುವುದು
ಇಳಿಜಾರಿಗೆ ಅಡ್ಡ ಉಳುಮೆ ಮಾಡಿದರೆ ತಡೆ ಅಂಶ 0.5, ನಷ್ಟ ಹೆಕ್ಟೇರಿಗೆ 4.7 ಟನ್. 30 ಮೀಟರ್‌ಗೊಂದು ಬದೂ ಬಂದರೆ 3.8. ತೆಳು ಮಣ್ಣಿಗೆ ಇದೂ ಸಾಲದು. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕಿ, ಮೇ ತಿಂಗಳ ಗುಡುಗು ಮಳೆಗೆ ಉತ್ತು ಬಿಟ್ಟ ಬರಿ ನೆಲ ಸಿಗದಂತೆ ಹುಲ್ಲು, ಸೊಪ್ಪು ಹೊದಿಸಿ ಹೊದಿಕೆ ಅಂಶವನ್ನು 0.25ಕ್ಕೆ ತಂದರೆ 2.4 ಟನ್‌ಗೆ ನಿಲ್ಲುತ್ತದೆ.