ಲೋಟದ ನೀರಿಗೆ ಇಳಿದ ಬಿಳಿ ಎಳೆ

ಸೋಮವಾರಪೇಟೆ ಕಡೆಯ ಗದ್ದೆಯೊಂದರಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದಿದ್ದಾಗ ಶುಂಠಿಯ ಎಲೆಗಳು ಹಸಿರಿರುವಾಗಲೇ ಸುರುಳಿಯಾಗಿ ಬಾಡುತ್ತಿದ್ದವು. ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುವ ಕೊಳೆ ರೋಗವೆಂದು ಕಣ್ಣಂದಾಜಿನಲ್ಲೇ ತೀರ್ಮಾನಿಸಿ, ಅದಕ್ಕೆ ಬಳಸುವ ಮೆಟಲಾಕ್ಸಿಲ್ ಔಷಧಿ ಸುರಿಯಲು ಹೇಳಿದ್ದೆ. ಹತ್ತು ದಿನಗಳಲ್ಲಿ ರೋಗವು ಬಸಿಗಾಲುವೆಯ ನೀರಿನೊಂದಿಗೆ ಕೆಳಗಿನ ಮಡಿಗಳಿಗೂ ಇಳಿದಿತ್ತು. ತಪ್ಪು ನನ್ನದೇ.

ಎರಡನೆಯ ಸಲ ಹೋದಾಗ ಬಾಡಿದ ಗಿಡದ ಕಾಂಡವನ್ನು ಬುಡದಲ್ಲಿ ಕೊಯ್ದು, ಎರಡು ಅಂಗುಲದ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತುದಿಯಷ್ಟೇ ಮುಳುಗುವಂತೆ ಹಿಡಿದೆ. ಕೆಲವೇ ನಿಮಿಷಗಳಲ್ಲಿ ಕೊಯ್ದ ಬಾಯಿಯಿಂದ ಹಾಲಿನಂಥ ಎಳೆಯೊಂದು ನೇರವಾಗಿ ತಳಕ್ಕಿಳಿಯಿತು.

“ಇದೇನು ಸಾರ್, ಗಿಡದ ಹಾಲಾ?” ಎಂದರು ಮನೆಯ ಹಿರಿಯರು.

ಅದು ರಾಲ್ಸ್ಟೋನಿಯಾ ಎಂಬ ದುಂಡಾಣು (ಬ್ಯಾಕ್ಟೀರಿಯಾ), ತನ್ನದೇ ಲೋಳೆಯೊಂದಿಗೆ ರಾಶಿರಾಶಿಯಾಗಿ ಸುರಿಯುತ್ತಿತ್ತು. ಬೇರಿನ ಗಾಯದಿಂದ ಒಳಹೊಕ್ಕು ನೀರಿನ ನಾಳಗಳನ್ನು ಈ ಲೋಳೆಯಿಂದ ಕಟ್ಟಿಬಿಡುವುದರಿಂದಲೇ, ಮಳೆಯಲ್ಲಿ ನಿಂತ ಗಿಡವೂ ಬಾಯಾರಿ ಬಾಡುತ್ತದೆ. ಆದರೆ ಅದಕ್ಕೂ ಮೊದಲು ಗಿಡದ ರಕ್ಷಣೆಯನ್ನು ಅದು ಮುರಿಯಬೇಕು. ದುಂಡಾಣುಗಳು ಪ್ರೋಟೀನು ಹೊರಹಾಕುವ ದಾರಿಗಳಲ್ಲಿ ‘ಎರಡನೆಯ ಬಗೆ’ ಎಂದು ಹೆಸರಾದ ಸ್ರವಿಕೆ ವ್ಯವಸ್ಥೆಯಿಂದ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳನ್ನು ಹೊರಚೆಲ್ಲುತ್ತದೆ. ಮೂರನೆಯ ಬಗೆಯದರಿಂದ, ಸೂಜಿ ಚುಚ್ಚಿದಂತೆ, ತನ್ನ ಪ್ರೋಟೀನುಗಳನ್ನು ನೇರವಾಗಿ ಕೋಶದೊಳಕ್ಕೆ ತೂರಿಸುತ್ತದೆ. ನಮ್ಮ ಕರುಳಿಗೆ ಬರುವ ಸಾಲ್ಮೊನೆಲ್ಲಾಕ್ಕೂ ಇಂಥದೇ ಸೂಜಿಯಿದೆ, ಗಿಡ್ಡದು. ಸಸ್ಯಕೋಶದ ದಪ್ಪ ಭಿತ್ತಿಯನ್ನು ದಾಟಬೇಕಾದ ಇದರದ್ದು ಉದ್ದನೆಯ ಎಳೆ. ಈ ಸೂಜಿಯನ್ನು ಕಟ್ಟುವ ಎಚ್‌ಆರ್‌ಪಿ ಜೀನುಗಳು ಕೆಟ್ಟರೆ ದುಂಡಾಣು ಬದುಕಿರುತ್ತದೆ, ರೋಗ ಮಾತ್ರ ತರಲಾರದು.

ಹೀಗೆ ಒಳಹೋಗುವ ಪ್ರೋಟೀನುಗಳಲ್ಲಿ ರಿಪ್‌ಎವೈ ಎಂಬುದು ನನಗೆ ಇಂದಿಗೂ ಬೆರಗು. ದುಂಡಾಣುವಿನೊಳಗೆ ಅದು ನಿಷ್ಕ್ರಿಯ; ಗಿಡದ್ದೇ ಪ್ರೋಟೀನಾದ ಥಯೋರೆಡಾಕ್ಸಿನ್ ತಾಗಿದಾಗಲಷ್ಟೇ ಎಚ್ಚೆತ್ತು, ಗಿಡದ ರಕ್ಷಣೆಗೆ ನೆರವಾಗುವ ಗ್ಲುಟಾಥಯೋನ್ ಎಂಬ ಅಣುವನ್ನು ನಾಶಮಾಡುತ್ತದೆ. ಕಳ್ಳನು ಮನೆಯವರ ಕೈಯಿಂದಲೇ ಬೀಗ ತೆಗೆಸಿದ ಹಾಗೆ!

ದುಂಡಾಣು ನಾಳದೊಳಗೆ ಸೇರಿದ ಮೇಲೆ ಎಲೆಗೆ ಏನು ಸಿಂಪಡಿಸಿದರೂ ಅದಕ್ಕೆ ತಲುಪುವುದಿಲ್ಲ. ಆದ್ದರಿಂದ ಬಾಡಿದ ಗಿಡಗಳನ್ನು ಮಣ್ಣುಸಹಿತ ಕಿತ್ತು, ಆ ಗುಂಡಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ಕಾಲುವೆಯ ನೀರು ಉಳಿದ ಮಡಿಗಳಿಗೆ ಹೋಗದಂತೆ ತಿರುಗಿಸಿದೆವು. ಇಷ್ಟಕ್ಕೆ ಅರ್ಧ ದಿನ ಸಾಕಾಯಿತು. ನೋಡಲು ಚೆನ್ನಾಗಿಯೇ ಇದ್ದ ಉಳಿದ ಗಡ್ಡೆಯನ್ನು ಬಿತ್ತನೆಗೆ ಮಾರಬಾರದೆಂದು ಹಿರಿಯರನ್ನು ಒಪ್ಪಿಸಲು ಮಾತ್ರ ಮೂರು ಸಲ ಅವರ ಮನೆಯ ಕಾಫಿ ಕುಡಿಯಬೇಕಾಯಿತು.