ಕಾಸು ಎತ್ತದೆ ಬೀದಿಯವರೆಲ್ಲ ಆಡುವ ಭಾನುವಾರ: ಮಾಡುವುದು ಹೇಗೆ?

ಮೊದಲ ವರ್ಷ ನಾವು ಮಾಡಿದ ದೊಡ್ಡ ತಪ್ಪೆಂದರೆ ವೇದಿಕೆ ಹಾಕಿದ್ದು. ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿಗೆ ಶಾಮಿಯಾನ, ಮೈಕು, ಹಾರ, ಶಾಲು ಎಲ್ಲ ಬಂತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಮುಗಿಯುವಷ್ಟರಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಜಾರಿ, ಹೊಂಗೆ ಮರದ ಕೆಳಗೆ ಲಗೋರಿ ಶುರುಮಾಡಿದ್ದರು. ಹಾಗಾಗಿ ವೇದಿಕೆ ಬೇಡ, ಮುಖ್ಯ ಅತಿಥಿಯೂ ಬೇಡ. ಇವೆರಡನ್ನು ಬಿಟ್ಟರೆ ಖರ್ಚಿನ ಬಹುಪಾಲು ತಾನಾಗೇ ಇಳಿಯುತ್ತದೆ.

ದಿನ ಗೊತ್ತುಮಾಡುವಾಗ ಮಾರ್ಚ್ ಬೇಡ, ಪರೀಕ್ಷೆ. ಮೇ ಬೇಡ, ಮಕ್ಕಳೆಲ್ಲ ಅಜ್ಜಿ ಮನೆಯಲ್ಲಿ. ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ಅಷ್ಟು ಸಾಕು.

ಪಾರ್ಕು ಪಾಲಿಕೆಯದೋ ಪ್ರಾಧಿಕಾರದ್ದೋ ಕೇಳಿ ತಿಳಿದು, ಎರಡು ವಾರ ಮೊದಲೇ ಅರ್ಜಿ ಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ರಸ್ತೆ ಮುಚ್ಚುವುದಾದರೆ ಸಂಚಾರ ಪೊಲೀಸರ ಒಪ್ಪಿಗೆಯೂ ಬೇಕು. ಧ್ವನಿವರ್ಧಕಕ್ಕೆ 2000ರ ಶಬ್ದಮಾಲಿನ್ಯ ನಿಯಮದಂತೆ ಲಿಖಿತ ಅನುಮತಿ ಬೇಕು. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಇಬ್ಬರು ಎದುರುಬದುರು ನಿಂತು ಮಾತಾಡಿದರೇ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಒಂದು ವಿಷಲ್ ತಂದರೆ ಈ ತಲೆನೋವೇ ಇಲ್ಲ. ಫ್ಲೆಕ್ಸ್, ಪ್ಲಾಸ್ಟಿಕ್ ತೋರಣ, ತಟ್ಟೆ, ಲೋಟಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಹಳೆ ಸೀರೆ ಕಟ್ಟಿ, ಮಾವಿನೆಲೆ ಸಿಕ್ಕಿಸಿ. ನೋಡಲಿಕ್ಕೂ ಅದೇ ಚೆಂದ.

ಇನ್ನು ಮನೆಮನೆಗೆ ಹೋಗುವ ಕೆಲಸ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಹೆಬ್ಬೆರಳು ಬರುತ್ತದೆ, ಜನ ಬರುವುದಿಲ್ಲ. ಇಬ್ಬರು ನೋಟ್‌ಬುಕ್ ಹಿಡಿದು ಹೋಗಿ, ದುಡ್ಡಿನ ಬದಲು ವಸ್ತು ಕೇಳಿ. “ಆಂಟಿ, ಚಂದಾ ಬೇಡ. ಹತ್ತು ಲೀಟರ್ ಹಿಡಿಯೋ ಪಾತ್ರೆ ಇದ್ಯಾ?” ಅಂದರೆ ಬಾಗಿಲು ಪೂರ್ತಿ ತೆರೆಯುತ್ತದೆ. ಒಂದು ಮನೆಯಿಂದ ಚಾಪೆ, ಇನ್ನೊಂದರಿಂದ ಹಗ್ಗ, ಮತ್ತೊಂದರಿಂದ ಎರಡು ಲೀಟರ್ ಮೊಸರು. ಬಾಡಿಗೆ ಮನೆಯವರನ್ನು, ಕಟ್ಟುತ್ತಿರುವ ಮನೆಯ ವಾಚ್‌ಮನ್ ಮಕ್ಕಳನ್ನು, ಬೀದಿ ಗುಡಿಸುವ ಪೌರಕಾರ್ಮಿಕರ ಮನೆಯವರನ್ನು ಬಾಯಿಬಿಟ್ಟು ಕರೆಯಬೇಕು. ಕರೆಯದಿದ್ದರೆ ಅವರು ಬರುವುದಿಲ್ಲ.

ಆಟಗಳ ಯಜಮಾನಿಕೆ ಹಿರಿಯರಿಗೆ ಬಿಡಿ. ಲಗೋರಿಗೆ ಏಳು ಚಪ್ಪಟೆ ಕಲ್ಲು, ಒಂದು ಚೆಂಡು. ಕುಂಟೆಬಿಲ್ಲೆಗೆ ಸೀಮೆಸುಣ್ಣ, ಹೆಂಚಿನ ಚೂರು. ಚೌಕಾಬಾರಕ್ಕೆ ನೆಲದ ಮೇಲೆ ಐದಕ್ಕೈದು ಮನೆ ಬರೆಯಿರಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ತಗೊಂಡು ಒಂದು ಮೈಯನ್ನು ಒರಟು ಕಲ್ಲಿಗೆ ಉಜ್ಜಿ. ಕಂದು ಸಿಪ್ಪೆ ಹೋಗಿ ಬಿಳಿ ಕಾಣುತ್ತದೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಂದು ಬಿದ್ದರೆ ಬಾರ, ಅಂದರೆ ಎಂಟು. ಬೀಜ ಉಜ್ಜುವುದೇ ಮಕ್ಕಳಿಗೆ ಅರ್ಧ ಗಂಟೆಯ ಆಟ. ಅಳಗುಳಿಮಣೆ ಯಾರ ಅಟ್ಟದಲ್ಲಾದರೂ ಇದ್ದೇ ಇರುತ್ತದೆ: ಹದಿನಾಲ್ಕು ಗುಳಿ, ಗುಳಿಗೆ ಐದರಂತೆ ಎಪ್ಪತ್ತು ಬೀಜ. ಮಂಡಿನೋವಿನ ಅಜ್ಜಿಯರಿಗೆ ಮಣೆಯನ್ನು ಮೇಜಿನ ಮೇಲಿಟ್ಟು ಕುರ್ಚಿ ಹಾಕಿಕೊಡಿ. ಕೊನೆಗೆ ಹಗ್ಗಜಗ್ಗಾಟ. ಗಂಡಸರು–ಹೆಂಗಸರು ಎಂದು ತಂಡ ಮಾಡಬೇಡಿ. ಬೆಸ ಸಂಖ್ಯೆಯ ಮನೆಗಳು ಒಂದು ಕಡೆ, ಸಮ ಸಂಖ್ಯೆಯವು ಇನ್ನೊಂದು ಕಡೆ. ಗಂಡ ಹೆಂಡತಿ ಒಂದೇ ತಂಡದಲ್ಲಿ ಉಳಿದರೆ ಮನೆಗೂ ಕ್ಷೇಮ. ಬಹುಮಾನ ಇಡದಿದ್ದರೆ ಜಗಳವಿಲ್ಲ.

ತಿನ್ನಲು ಚುರುಮುರಿ, ಕುಡಿಯಲು ನೀರುಮಜ್ಜಿಗೆ. ಒಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರು ಬೆರೆಸಿದರೆ 200 ಎಂ.ಎಲ್.ನ ಇಪ್ಪತ್ತು ಲೋಟ. ನೂರು ಜನಕ್ಕೆ ಐದು ಲೀಟರ್ ಮೊಸರು. ಶುಂಠಿ, ಕರಿಬೇವು, ಉಪ್ಪು ಸರಿ. ಹಸಿಮೆಣಸನ್ನು ಮಾತ್ರ ಮಕ್ಕಳ ಪಾತ್ರೆಗೆ ಹಾಕಬೇಡಿ. ಚುರುಮುರಿಯನ್ನು ಮೊದಲೇ ಕಲಸಿಟ್ಟರೆ ಪುರಿ ಮೆತ್ತಗಾಗುತ್ತದೆ. ಕ್ಯಾರೆಟ್, ಈರುಳ್ಳಿ ಹೆಚ್ಚಿಟ್ಟುಕೊಂಡು ಆಗಿಂದಾಗ ಕಲಸಿ, ಪೇಪರ್ ಪೊಟ್ಟಣದ ಬದಲು ಬಾಳೆಎಲೆ ತುಂಡಿನಲ್ಲಿ ಕೊಡಿ. ಲೋಟ ಅವರವರ ಮನೆಯಿಂದಲೇ ಬರಲಿ.

ಒಂದು ಮೂಲೆಯಲ್ಲಿ ಅರಿಶಿನ, ಹತ್ತಿ, ಬ್ಯಾಂಡೇಜ್ ಇಟ್ಟಿರಿ. ಆಂಬುಲೆನ್ಸ್‌ಗೆ 108. ಪಾರ್ಕಿನ ಗೇಟಿನ ಮುಂದೆ ಸ್ಕೂಟರ್ ನಿಲ್ಲದಂತೆ ಒಬ್ಬರು ನೋಡಿಕೊಳ್ಳಲಿ.

ಪಾತ್ರೆ, ಸೌಟುಗಳಿಗೆ ಮನೆ ನಂಬರಿನ ಚೀಟಿ ಮೊದಲೇ ಅಂಟಿಸಿ; ಕತ್ತಲಲ್ಲಿ ಎಲ್ಲ ಸ್ಟೀಲೂ ಒಂದೇ. ನಮ್ಮ ಅಡುಗೆಮನೆಯಲ್ಲಿ ಯಾರದೋ ಒಂದು ಹಿತ್ತಾಳೆ ಸೌಟು ಇನ್ನೂ ಇದೆ. ಪ್ರತಿ ಸಲ ಒಯ್ದು ತೋರಿಸುತ್ತೇವೆ, ಯಾರೂ ನಮ್ಮದು ಅನ್ನುವುದಿಲ್ಲ.